ಬಾಯಿ ಮುಕ್ಕಳಿಸುವ ನೀರು

ಮೂಡುಬಿದಿರೆಯ ಅನಂತರಾಜರ ಮನೆಯಲ್ಲಿ ಹನ್ನೆರಡು ದಿನಗಳಿಂದ ಇತ್ಯರ್ಥವಾಗದೆ ಉಳಿದಿದ್ದ ಮಹತ್ತರ ಪ್ರಶ್ನೆ ಅರ್ಧ ಗುಟುಕು ನೀರಿನದು. ಬಾಯಿಗೆ ಹಾಕಿ ಉಗುಳಿದ ನೀರು ಕುಡಿದ ಹಾಗೆಯೋ, ಅಲ್ಲವೋ?

ಹೆಂಡತಿ ಕಮಲಾವತಿಗೆ ಉಬ್ಬಸ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಇನ್‌ಹೇಲರಿನ ಟ್ರಯಲ್ ಉಂಟು, ಮೂವತ್ತು ಮಂದಿ ಬೇಕು, ಸೇರ್ತೀರಾ ಎಂದು ನರ್ಸ್ ಶಶಿಪ್ರಭಾ ಹದಿನಾಲ್ಕು ಪುಟದ ಒಪ್ಪಿಗೆ ಪತ್ರ ಕೊಟ್ಟು ಕಳಿಸಿದ್ದಳು. ಗುಣ ಆಗಲೂಬಹುದು, ಆಗದಿರಲೂಬಹುದು, ಎದೆ ಹೊಡೆದುಕೊಳ್ಳಬಹುದು ಎಂಬ ಪುಟಗಳನ್ನೆಲ್ಲ ಗಂಡ ಹೆಂಡತಿ ಮದುವೆ ಕಾಗದ ಓದಿದಷ್ಟು ನಿರಾಳವಾಗಿ ಓದಿದರು. ಅಡ್ಡ ಬಂದದ್ದು ಒಂಬತ್ತನೆಯ ಪುಟ: ಬೆಳಿಗ್ಗೆ ಎಂಟಕ್ಕೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ ಔಷಧ ಎಳೆದುಕೊಂಡು, ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಬೇಕು. ಜೈನರ ರಾತ್ರಿವ್ರತ ಹಿಡಿದು, ಸೂರ್ಯ ಮುಳುಗಿದ ಮೇಲೆ ಕಮಲಾವತಿ ಬಾಯಿಗೆ ಹನಿ ನೀರು ಹಾಕದೆ ಮೂವತ್ತೊಂದು ವರ್ಷವಾಗಿತ್ತು.

"ಉಗುಳಿದ್ರೆ ವ್ರತಕ್ಕೆ ಏನೂ ಆಗ್ಲಿಕ್ಕಿಲ್ಲ ಅಲ್ವಾ?" ಎಂದು ಅವಳು ಮೊದಲ ದಿನವೇ ಕೇಳಿದ್ದಳು. ಅನಂತರಾಜರು ಹೂಂ ಅನ್ನಬಹುದಿತ್ತು. ಆದರೆ ಶಾಸ್ತ್ರ ಬಲ್ಲವರೆಂದು ಊರಲ್ಲಿ ಹೆಸರಾದ ಮನುಷ್ಯ ಒಂದೇ ಅಕ್ಷರದಲ್ಲಿ ಉತ್ತರ ಮುಗಿಸಿದರೆ ಹೆಸರು ಉಳಿದೀತೇ? "ಅವಸರ ಮಾಡ್ಬೇಡ. ನೋಡುವ," ಎಂದರು.

ನೋಡಿದರು. ಬೆಳ್ತಂಗಡಿಗೆ ಹೋಗಿ ಗ್ರಂಥ ತಂದರು. ಕಮಲಾವತಿಯ ಅಣ್ಣನಾದ ಬಂಟ್ವಾಳದ ಭಾವ ಫೋನಿನಲ್ಲೇ ತಗಾದೆ ತೆಗೆದರು. "ಎಷ್ಟು ಉಗುಳಿದ್ರೂ ನಾಲಿಗೆಯಲ್ಲಿ ಒಂದು ಹನಿ ಉಳೀತದೆ."

"ಹನಿ ಉಳಿಯುವುದು ನಾಲಿಗೆಯಲ್ಲಿ ಭಾವ. ವ್ರತ ಇರುವುದು ಮನಸ್ಸಿನಲ್ಲಿ."

"ಹಾಗಾದ್ರೆ ರಾತ್ರಿ ಗಡದ್ದಾಗಿ ಉಂಡು, ಊಟವನ್ನು ಮನಸ್ಸಿನಲ್ಲೇ ಬಿಟ್ರೆ ಸಾಕಲ್ಲ ಮಾರಾಯ್ರೆ!"

ಅನಂತರಾಜರು ಫೋನ್ ಇಟ್ಟು ಇನ್ನೊಂದು ಗ್ರಂಥ ತೆಗೆದರು. ಒಳಗೆ ಕಮಲಾವತಿ ಣಮೋಕಾರ ಹೇಳುತ್ತಿದ್ದಳು. ಐದು ಸಾಲಿನ ಮಂತ್ರ. ಮೊದಲು ಒಂದೇ ಉಸಿರಿಗೆ ಮುಗಿಯುತ್ತಿದ್ದದ್ದು ಈಗ ಸಾಲಿಗೊಮ್ಮೆ ನಿಲ್ಲುತ್ತಿತ್ತು.

ಹನ್ನೆರಡನೆಯ ದಿನ ಭಾವನಿಗೆ ಶೀತವಾಗಿ ಸ್ವರ ಬಿದ್ದುಹೋಯಿತು; ವಾದ ನಿಂತಿತು. ಅದನ್ನೇ ಜಯವೆಂದು ಬಗೆದ ಅನಂತರಾಜರು ಸಂಜೆ ತಾವೇ ಶಶಿಪ್ರಭಾಗೆ ಫೋನ್ ಮಾಡಿ, ಒಪ್ಪಿಗೆಯನ್ನೂ ಅದರ ಹಿಂದಿನ ಶಾಸ್ತ್ರಾಧಾರವನ್ನೂ ಸವಿಸ್ತಾರವಾಗಿ ತಿಳಿಸಿದರು.

"ಅಯ್ಯೋ ಸರ್, ನಿನ್ನೆಯೇ ಭರ್ತಿ ಆಯ್ತಲ್ಲ," ಎಂದಳು ಆಕೆ. "ಇಷ್ಟಕ್ಕೇನಾ ಇಷ್ಟು ದಿನ? ಎಂಟಕ್ಕೇ ಆಗ್ಬೇಕು ಅಂತ ಇರ್ಲಿಲ್ಲ. ಬೆಳಿಗ್ಗೆ ಏಳು, ಸಂಜೆ ಆರು ಅಂತ ಬರೆದು ಕೊಡ್ತಿದ್ದೆವು. ನಮ್ಮ ಹತ್ರ ಒಂದು ಮಾತು ಕೇಳ್ಬಹುದಿತ್ತು."

ತಿರುಗಿದರೆ ಬಾಗಿಲಲ್ಲಿ ಕಮಲಾವತಿ. ಅವಳ ಕೈಯಲ್ಲಿ ಒಪ್ಪಿಗೆ ಪತ್ರ. ಕೊನೆಯ ಪುಟದಲ್ಲಿ ಸಹಿ ಆಗಲೇ ಇತ್ತು. ಕೆಳಗಿನ ತಾರೀಕು ಹನ್ನೆರಡು ದಿನ ಹಿಂದಿನದು.

"ಏನಂತೆ?"

"ಭರ್ತಿ ಆಯ್ತಂತೆ."

ಅವಳು ಒಂದು ಉಸಿರಿಗಾಗಿ ತಡೆದಳು. "ಹೋಗ್ಲಿ ಬಿಡಿ. ನೀರಿನದ್ದು ಏನು ತೀರ್ಮಾನ ಆಯ್ತು ಕೊನೆಗೆ?"

"ಉಗುಳಿದ್ರೆ ತೊಂದರೆ ಇಲ್ಲ."

ಗೋಡೆಯ ಗಡಿಯಾರದಲ್ಲಿ ಆರು ಗಂಟೆ. ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಬೆಳಿಗ್ಗೆ ಏಳು, ಸಂಜೆ ಆರರ ವಿಷಯ ಅನಂತರಾಜರು ಅವಳಿಗೆ ಹೇಳಲಿಲ್ಲ. ಸೋಮವಾರ ಮೂವತ್ತು ಮಂದಿಯೊಂದಿಗೆ ಟ್ರಯಲ್ ಶುರುವಾಯಿತು.