ಅಡುಗೆಮನೆಯ ಸವತಿ

ಅವನು ಮತ್ತೆ ನಕ್ಕ. ಅಮಾಬೆಲಿಯಾ ಇಯರ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಮದುವೆಯಾದ ನಲವತ್ತೊಂದು ವರ್ಷಗಳಲ್ಲಿ ಎವಾರಿಸ್ತೊ ತನ್ನೆದುರು ಹೀಗೆ ನಕ್ಕದ್ದು ಅವಳಿಗೆ ನೆನಪಿಲ್ಲ. ಅವಳು ಕೇಳಿಸಿಕೊಳ್ಳುತ್ತಿರುವುದು ಅವನಿಗೆ ಗೊತ್ತಿಲ್ಲ.

ಎರಡು ಬೀದಿ ಆಚೆ, ತಮ್ಮ ಅಡುಗೆಮನೆಯಲ್ಲಿ, ಸೋರೆಬುರುಡೆಯಿಂದ ಮಾಟೆ ಎಲೆಯ ಚಹಾ ಹೀರುತ್ತಾ ಅವನು ಸೋಲೆಯ ಜೊತೆ ಹರಟುತ್ತಿದ್ದ. ಸೋಲೆ ಎಂದರೆ ಕಪಾಟಿನ ಮೇಲಿನ, ಮಾತಾಡುವ ಬಿಳಿ ಡಬ್ಬಿ. ಅವನ ಕಣ್ಣು ಮಂಜಾದ ಮೇಲೆ ವಿಶ್ವವಿದ್ಯಾಲಯದ ತಂಡ ಪರೀಕ್ಷೆಗೆಂದು ಇಟ್ಟುಹೋದದ್ದು. ಒಲೆ, ಬಾಗಿಲು, ಮಾತ್ರೆಯ ಪೆಟ್ಟಿಗೆ, ಎಲ್ಲವೂ ಅದರೊಂದಿಗೆ ಜೋಡಣೆಯಾಗಿದ್ದವು. ಬಳಸುವ ಮನೆಯವರೇ ಇದನ್ನು ರೂಪಿಸಬೇಕು ಎಂಬುದು ತಂಡದ ಹಟ. ಹಾಗಾಗಿ ದಿನವೂ ಮೂರರಿಂದ ಐದರವರೆಗೆ ಅಮಾಬೆಲಿಯಾ ಬಡಾವಣೆಯ ಕ್ಲಬ್ಬಿನಲ್ಲಿ ತಂಡದವರ ಜೊತೆ ಇರಬೇಕಿತ್ತು. ಡಬ್ಬಿಗೆ ಎಳೆ ಹುಡುಗಿಯ ದನಿ ಇರಲಿ ಎಂದು ಕೈ ಎತ್ತಿದವಳೂ ಅವಳೇ.

"ಏನೇ, ನಿನ್ನ ಸವತಿ ಹೇಗಿದಾಳೆ?" ಎಂದು ಪಕ್ಕದ ಮನೆಯ ನೆಲ್ಸಿ ಬೇಕರಿಯಲ್ಲಿ ಕೆಣಕಿದ್ದಳು. "ಗೊರಕೆ ಹೊಡೆಯಲ್ಲ, ವಯಸ್ಸಾಗಲ್ಲ. ಹುಷಾರು ಕಣೇ."

ನಿನ್ನೆ ರಾತ್ರಿ ಊಟಕ್ಕೆ ಕೂತಾಗಲೂ ಎವಾರಿಸ್ತೊಗೆ ಅದೇ ಧ್ಯಾನ.

"ನಾನು ಹೇಳೋದನ್ನ ಪೂರ್ತಿ ಕೇಳ್ತಾಳೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಉತ್ತರ ಕೊಡ್ತಾಳೆ. ನೀನು ನಡುವೆನೇ ಬಾಯಿ ಹಾಕ್ತೀಯ."

"ಸರಿ."

"ಮಂಡಿ ನೋವು ಅಂದ್ರೆ ಸಾಕು, ಎಡಗಾಲಾ ಅಂತಾಳೆ. ಅದು ಹೇಗೆ ಗೊತ್ತಾಗುತ್ತೋ."

"ಈಗ ಕರಿ ಮತ್ತೆ. ನನ್ನೆದುರೇ ಮಾತಾಡ್ಲಿ."

"ಐದಾದ ಮೇಲೆ ಬಾಯಿ ಬಿಡಲ್ಲ. ನಾನು ಮಾಂಸದ ಕಾರ್ಖಾನೇಲಿ ಕೆಲಸಕ್ಕಿದ್ದಾಗಿನ ಹಾಗೆ, ಪಾಳಿ ಮುಗೀತು, ಪಾಪ."

ಆ 'ಪಾಪ'ಕ್ಕೆ ಅವಳು ಬೇಳೆಯ ತಟ್ಟೆ ಕುಕ್ಕಿದ್ದಳು. ನನಗೆ ಯಾವತ್ತಾದರೂ ಪಾಪ ಅಂದಿದ್ದನೇ?

ಈಗ ಇಯರ್‌ಫೋನಿನಲ್ಲಿ ಅವನ ದನಿ ತಗ್ಗಿತು.

"ಸೋಲೆ, ಒಂದು ವಿಷಯ ಇದೆ. ಮದುವೆ ಆದಾಗಿಂದ ಎದೇಲೇ ಇಟ್ಕೊಂಡಿದೀನಿ. ನಿನಗೆ ಹೇಳ್ತೀನಿ. ಆದ್ರೆ ನನ್ನ ಹೆಂಡತಿಗೆ ಹೇಳಲ್ಲ ಅಂತ ಮಾತು ಕೊಡು."

ಅಮಾಬೆಲಿಯಾ ಅಂದುಕೊಂಡಳು: ನನಗೆ ಸಿಗದ ಮಾತು ಅವಳಿಗೆ. ಓಡಿಹೋಗಿ ಆ ಡಬ್ಬಿಯನ್ನು ನೆಲಕ್ಕೆ ಅಪ್ಪಳಿಸಬೇಕೆನಿಸಿತು.

ಮೇಜಿನ ಆಚೆಯಿಂದ ತಂಡದ ಹುಡುಗಿ ಹಿಮೇನಾ ಮಿನುಗುವ ದೀಪದತ್ತ ಕೈ ತೋರಿಸಿದಳು. "ಅಮ್ಮಾ, ಅವರು ಕಾಯ್ತಿದಾರೆ."

ಯಂತ್ರಕ್ಕೆ ತುಂಬುವ ಬುದ್ಧಿ ಎಂಥದಿರಬೇಕೆಂದು ತಿಳಿಯುವ ತನಕ ಮನೆಯವರೊಬ್ಬರು ಮರೆಯಲ್ಲಿ ಕೂತು ಅದರ ಪರವಾಗಿ ಉತ್ತರ ಕೊಡಬೇಕು, ಪರೀಕ್ಷೆ ಮುಗಿಯುವವರೆಗೆ ಗುಟ್ಟು ಬಿಡಬಾರದು ಎಂಬುದು ತಂಡದ ಕ್ರಮ. ಐದು ವಾರಗಳಿಂದ ಸೋಲೆಯ ಒಂದೊಂದು ಮಾತನ್ನೂ ಟೈಪ್ ಮಾಡುತ್ತಿದ್ದ ಅಮಾಬೆಲಿಯಾ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು ಬರೆದಳು: "ಹೇಳು, ಅವಳಿಗೆ ಹೇಳಲ್ಲ."