ಸಿಂಗಾಪುರದಿಂದ ಕುರ್ಲಾದ ಹೊಸ್ತಿಲಿಗೆ

"ಸಿಂಗಾಪುರದಿಂದ ಇಲ್ಲಿಗೆ ಎಷ್ಟ ತಾಸಿನ ಹಾದಿ?" ಚಿಕ್ಕಮಾವ ಖಂಡಪ್ಪ ಮತ್ತೆ ಕೇಳಿದ.

ಸಪ್ನಾ ಮೊಬೈಲಿನಿಂದ ಕಣ್ಣೆತ್ತಲಿಲ್ಲ. ನಾಲ್ಕು ಸಾವಿರ ಕಿಲೋಮೀಟರು, ಐದೂವರೆ ತಾಸು. ಗಂಡನ ವಿಮಾನ ಈಗ ಬಂಗಾಳ ಕೊಲ್ಲಿಯ ಮೇಲಿದೆ ಎಂದಳು. ಕಣ್ಣೆತ್ತಿದರೆ ಎದುರಿಗೆ ಮಾವ ಅಣವೀರಪ್ಪನವರು ಕಾಣುತ್ತಿದ್ದರು. ಆ ಭಯಕ್ಕೇ ಅವಳ ದೃಷ್ಟಿ ತೆರೆಯ ಮೇಲಿನ ಪುಟ್ಟ ವಿಮಾನಕ್ಕೆ ಜೋತುಬಿದ್ದಿತ್ತು.

ಮಲಾಡಿನ ಮರಾಠಿ ಹುಡುಗಿಯನ್ನು ಮಗ ಈಶ್ವರ ಹೇಳದೆ ಕೇಳದೆ ಮದುವೆಯಾದ ದಿನ ಅವರಾಡಿದ ಮಾತು ಅವರಿದ್ದ ಕುರ್ಲಾದ ಚಾಳಿನ ಮನೆಮನೆಗೂ ಗೊತ್ತಿತ್ತು: "ನನ್ನ ಜೀವ ಇರೋತನಕ ಆಕಿ ನನ್ನ ಹೊಸ್ತಲಾ ತುಳಿಬಾರದು." ಕಲ್ಲಿನಲ್ಲಿ ಕೊರೆದಂಥ ಮಾತು. ಸಪ್ನಾ ತುಳಿದಿರಲಿಲ್ಲ. ಇಂದು ಬೆಳಿಗ್ಗೆ ವಿಮಾನ ಹತ್ತುವ ಮುನ್ನ ಈಶ್ವರನೇ ಫೋನು ಮಾಡಿದ್ದ: ಅಪ್ಪನ ತಬ್ಬೇತು ಸರಿಯಿಲ್ಲವಂತೆ, ಖಂಡಪ್ಪ ಕಾಕಾ ಕರೆದಿದ್ದಾರೆ, ನೀನು ಮೊದಲು ಹೋಗು. ಬಂದಳು. ಯಾರೂ ತಡೆಯಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಮಾವ ಗೋಡೆಗೊರಗಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಹಣೆ ತುಂಬ ವಿಭೂತಿ, ಹೊಸ ರುಮಾಲು, ವಾಲದಂತೆ ಎದೆಗೆ ಸುತ್ತಿದ ಶಲ್ಯ. ನೆರೆಯವರು ಬಂದು ಪಾದ ಮುಟ್ಟಿ ಸದ್ದಿಲ್ಲದೆ ಹೊರಬೀಳುತ್ತಿದ್ದರು. ಅತ್ತೆ ಸುಂದ್ರವ್ವ ಒಳಮನೆಯಲ್ಲಿ ಹೆಂಗಸರ ನಡುವೆ ಇದ್ದಳು. ಒಲೆ ಮಾತ್ರ ಹೊತ್ತಿರಲಿಲ್ಲ. ಮಾವನ ಅರೆಗಣ್ಣು ತನ್ನ ಮೇಲೆಯೇ ನೆಟ್ಟಿದೆ ಎಂದು ಸಪ್ನಾಳಿಗೆ ಅನ್ನಿಸಿತು. ಈಗಲೋ ಆಗಲೋ ಆ ಬಾಯಿ ತೆರೆದು 'ಹೊರಗ ನಡಿ' ಎಂದರೆ, ಗಂಡ ಬರುವಷ್ಟರಲ್ಲಿ ನಾನು ಬೀದಿಯಲ್ಲಿರುತ್ತೇನೆ. ಮತ್ತೆಂದೂ ಈ ಮನೆಯ ಸೊಸೆಯಾಗಲಾರೆ.

"ಹೊತ್ತು ಮುಳುಗೂದ್ರಾಗ ಈಶ್ವರ ಮುಟ್ಟಬೇಕು," ಎಂದ ಖಂಡಪ್ಪ. "ಅಣ್ಣಗೇನು ಅವಸರಿಲ್ಲ, ಕುಂತಿರ್ತಾನ. ಅವಸರ ನಮಗ."

ಅವನೂ ಎದ್ದು ಹೊರಗೆ ಹೋದ. ಕೋಣೆಯಲ್ಲಿ ಉಳಿದವರು ಮಾವ, ಸೊಸೆ. ವಿಮಾನ ಇಳಿಯುವ ತನಕ ತಾಳುವ ಎದೆಗಾರಿಕೆ ಅವಳಲ್ಲಿ ಉಳಿದಿರಲಿಲ್ಲ. ಮೊಣಕಾಲ ಮೇಲೆಯೇ ಸರಿದು ಹೋಗಿ ಕೈಮುಗಿದಳು.

"ಬಾಬಾ, ನನ್ನ ಕನ್ನಡ ಬರೋಬರ್ ಇಲ್ಲ. ತಪ್ಪು ನಂದೇ. ಮಾಫ್ ಮಾಡ್ರಿ. ಬೈಯ್ರಿ ಬೇಕಾದ್ರೆ, ಏನಾದ್ರೂ ಮಾತಾಡ್ರಿ."

ಅವಳು ಪಾದಕ್ಕೆ ಹಣೆ ಹಚ್ಚಿದಳು. ಮೇ ತಿಂಗಳ ಧಗೆಗೆ ಚಾಳಿನ ಗೋಡೆಯೂ ಬೆವರುತ್ತಿತ್ತು. ಆ ಪಾದ ಮಾತ್ರ ತಣ್ಣಗಿತ್ತು.

ಹಿಂದಿನಿಂದ ಸುಂದ್ರವ್ವ ಬಂದು ಭುಜ ಹಿಡಿದಳು. "ಏಳವ್ವಾ. ಮಣ್ಣು ಮಾಡೂ ಕುಣಿ ತೋಡಿ ಮುಗಿಸ್ಯಾರಂತ, ಈಶ್ವರ ಬರೂದಷ್ಟ ಬಾಕಿ. ಅಷ್ಟ ದೂರದಿಂದ ಒಬ್ಬನ ಹಾರಿ ಬರಾಂವಗ ಖರೇ ಹೇಳಾಕ ಬಾಯಿ ಬರಲಿಲ್ಲ." ಸೊಸೆಯ ಮುಖ ನೋಡಿ ಅವಳ ದನಿ ತಗ್ಗಿತು. "ನಿನಗೂ ಯಾರೂ ಹೇಳಲಿಲ್ಲೇನು? ನಮ್ಮೊಳಗ ಹೋದವರನ್ನ ಮಲಗಸೂದಿಲ್ಲ ಮಗಳ, ಕುಂದರಸ್ತೀವಿ."

ಜೀವ ಇರುವ ತನಕ ಸೊಸೆ ಹೊಸ್ತಿಲು ತುಳಿಯಬಾರದೆಂದಿದ್ದ ಅಣವೀರಪ್ಪನವರ ಮಾತು ಹುಸಿಯಾಗಿರಲಿಲ್ಲ.