ಸೀರೆ ಹೊದ್ದ ಫ್ರಿಜ್ಜು

ಹಸುಗಳೆರಡನ್ನೂ ಪಕ್ಕದ ಮನೆಯ ಅಂಜಮ್ಮನ ಕೊಟ್ಟಿಗೆಯಲ್ಲಿ ಕಟ್ಟಿ ರಾಮಕೃಷ್ಣಪ್ಪ ಓಡುತ್ತಲೇ ಮನೆಗೆ ಬಂದ. ಅಷ್ಟರಲ್ಲಿ ಅವನ ತಾಯಿ ಪಿಳ್ಳಮ್ಮ ಫ್ರಿಜ್ಜಿಗೆ ಹಳೇ ಸೀರೆ ಹೊದಿಸಿ, ಮೇಲೆ ವೆಂಕಟರಮಣನ ಪಟ ಇಟ್ಟು ಕುಂಕುಮವನ್ನೂ ಹಚ್ಚಿಯಾಗಿತ್ತು.

“ಅಪ್ಪಾ, ಎರಡು ಹಸು, ಒಂದು ಫ್ರಿಜ್ಜು ಅಂತ ಫಾರಮ್ಮಲ್ಲಿ ನಾನೇ ಬರ್ದಿದ್ದೀನಿ,” ಎಂದಳು ಮಗಳು ಭಾನು. “ಬರ್ದಿರೋದು ಒಂದು, ಮನೇಲಿರೋದು ಒಂದಾದ್ರೆ ಸೀಟೇ ಹೋಯ್ತದೆ.”

“ಸುಮ್ಕಿರಮ್ಮಿ. ಹಸು ಕಟ್ಟಿರೋರ್ಗೆ ಯಾರು ದುಡ್ಡು ಕೊಟ್ಟಾರು?”

ಸೀಟು ಉಂಟೋ ಇಲ್ಲವೋ ಎಂದು ಕೆನಡಾದ ಕಾಲೇಜು ಹೇಳಲು ಇನ್ನೂ ಹತ್ತು ದಿನವಿತ್ತು. ಸಿಕ್ಕರೂ, ಫೀಸನ್ನು ಅವರೇ ಭರಿಸದಿದ್ದರೆ ಭಾನು ತಮ್ಮೂರು ಉದ್ದನಪಲ್ಲಿಯನ್ನು ದಾಟುವಂತಿರಲಿಲ್ಲ. ಅದಕ್ಕೇ ಸಹಾಯ ಕೇಳಿ ಅರ್ಜಿ ಹಾಕಿದ್ದಳು. ಬೆಳಿಗ್ಗೆ ಕಾಲೇಜಿನಿಂದ ಉತ್ತರ ಬಂದಿತ್ತು: ನಮ್ಮ ಕಡೆಯವರೊಬ್ಬರು ಇವತ್ತು ನಿಮ್ಮ ಮನೆಗೆ ಬಂದು ಎಲ್ಲವನ್ನೂ ಕಣ್ಣಾರೆ ನೋಡುತ್ತಾರೆ. ಸುಳ್ಳು ಕಂಡರೆ ಅರ್ಜಿ ಅಲ್ಲಿಗೇ ಮುಗಿಯಿತು.

ಬೇಲಿಯ ಪಕ್ಕ ಬೈಕು ನಿಂತಿತು. ಇಳಿದವನು ಐವತ್ತರ ಆಸುಪಾಸಿನ ಗಂಡಸು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ರಿಜಿಸ್ಟರು, ಕೈಯಲ್ಲೊಂದು ನೀಲಿ ಡಬ್ಬಿ. ಹಿಂದಿನಿಂದ ಹೆಂಗಸೊಬ್ಬಳು ಇಳಿದು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. ರಾಮಕೃಷ್ಣಪ್ಪ ಗಂಡಸಿಗೆ ಕುರ್ಚಿ ಹಾಕಿದ. ಹೆಂಗಸು ತಾನಾಗೇ ಜಗಲಿಯ ಮೇಲೆ ಕೂತಳು. ಭಾನು ಅವಳಿಗೊಂದು ಲೋಟ ನೀರು ಕೊಟ್ಟಳು.

ಗಂಡಸು ಡಬ್ಬಿಯನ್ನು ನೆರಳಿಗೆ ಸರಿಸಿ ರಿಜಿಸ್ಟರು ಬಿಡಿಸಿದ. “ಹಸು ಎಷ್ಟಿವೆ, ಯಜಮಾನ್ರೇ?”

“ಹಸುನಾ? ಒಂದೂ ಇಲ್ಲ ಸಾರ್.”

ಗಂಡಸು ಅಂಗಳದಲ್ಲಿದ್ದ ಹಸಿ ಸಗಣಿ ನೋಡಿದ. “ಮತ್ತೆ ಇದು?”

“ಅದಾ... ಪಕ್ಕದ ಮನೆಯವು. ಬತ್ತಾವೆ, ಹಾಕ್ಬುಟ್ಟು ಹೋಯ್ತಾವೆ.”

“ಎರಡು ಅಂತ ಬರ್ದಿದೆಯಲ್ಲ ಇದ್ರಲ್ಲಿ?”

ಭಾನು ಅಪ್ಪನ ಕಡೆ ನೋಡಿದಳು.

“ಮಾರ್ಬುಟ್ಟೆ ಸಾರ್,” ಎಂದ ರಾಮಕೃಷ್ಣಪ್ಪ.

“ಹೋಗ್ಲಿ, ಸ್ವಲ್ಪ ಐಸು ಸಿಗ್ತದಾ?”

ಬಾಯಿ ಬಿಡಿಸಲೆಂದೇ ಕೇಳುತ್ತಿದ್ದಾನೆ ಎಂದುಕೊಂಡ ರಾಮಕೃಷ್ಣಪ್ಪ. “ಐಸಿಗೆ ಫ್ರಿಜ್ಜು ಬೇಕಲ್ಲ ಸಾರ್. ನಮ್ಗೆ ಮಡಕೆ ನೀರೇ ಸೈ.”

ಆ ಗಳಿಗೆಗೇ ಸೀರೆಯೊಳಗಿಂದ ಗುಂಯ್ ಎಂದಿತು. ಪಿಳ್ಳಮ್ಮ ಅದರೆದುರು ಕೂತು “ಗೋವಿಂದಾ, ಗೋವಿಂದಾ” ಎಂದು ದನಿ ಏರಿಸಿದಳು. ಒಳಗಿನದೂ ಏರಿಸಿತು. ಪಟ ನಡುಗತೊಡಗಿತು.

“ಏನಜ್ಜಿ, ನಿಮ್ ದೇವ್ರಿಗೆ ಚಳಿನಾ?” ಎಂದ ಗಂಡಸು.

ಜಗಲಿಯ ಹೆಂಗಸು ಲೋಟವನ್ನು ತುಟಿಯ ಬಳಿ ಹಿಡಿದೇ ಒಳಗೆ ಇಣುಕಿದಳು.

ಗಂಡಸು ಪೆನ್ನು ತೆಗೆದ. “ಸರಿ. ಹಸು ಇಲ್ಲ ಅಂತ್ಲೇ ಬರ್ಕೊಂತೀನಿ. ಆಮೇಲೆ ನನ್ನ ಕೇಳ್ಬೇಡಿ.”

“ಬರೀಬೇಡಿ ಸಾರ್!”

ಭಾನು ಒಂದೇ ಸಲಕ್ಕೆ ಸೀರೆ ಎಳೆದಳು. ಬೀಳುತ್ತಿದ್ದ ಪಟವನ್ನು ಪಿಳ್ಳಮ್ಮ ಮಡಿಲಲ್ಲಿ ಹಿಡಿದುಕೊಂಡಳು.

“ಇಲ್ಲೈತೆ ಫ್ರಿಜ್ಜು. ಹಸು ಎರಡೂ ಅಂಜಮ್ಮನ ಕೊಟ್ಟಿಗೇಲವೆ. ಫಾರಮ್ಮಲ್ಲಿ ನಾನು ಬರ್ದಿರೋದೇ ನಿಜ ಸಾರ್. ನಮ್ಮಪ್ಪ ಭಯಕ್ಕೆ ಹಂಗಂದ. ಅದಕ್ಕೆ ನನ್ ಸೀಟು ಕಿತ್ಕೋಬೇಡಿ.”

ರಾಮಕೃಷ್ಣಪ್ಪ ತಲೆ ತಗ್ಗಿಸಿದ. ಗಂಡಸು ಪೆನ್ನು ಹಿಡಿದೇ ಅವಳನ್ನು ನೋಡಿದ.

“ಯಾವ ಸೀಟಮ್ಮಾ? ಕಾಲುಬಾಯಿ ಜ್ವರಕ್ಕೆ ಈ ರಿಜಿಸ್ಟರಲ್ಲಿರೋ ಹಸುಗಳಿಗೆ ಸೂಜಿ ಹಾಕಕ್ಕೆ ಬಂದೋನು ನಾನು. ಡಬ್ಬೀಲಿ ಔಷಧಿ ಬಿಸಿಯಾಗ್ತಿದೆ, ಮೊದ್ಲು ಐಸು ಕೊಡು.” ಜಗಲಿಯ ಕಡೆ ಕೈ ತೋರಿಸಿದ. “ಈ ಮೇಡಂ ಯಾರೋ ಗೊತ್ತಿಲ್ಲ. ಬಸ್‌ಸ್ಟಾಪಲ್ಲಿ ನಿಮ್ಮನೆ ಎಲ್ಲಿ ಅಂತ ಕೇಳ್ತಿದ್ರು, ಹತ್ತಿಸ್ಕೊಂಡು ಬಂದೆ.”

ಹೆಂಗಸು ಲೋಟ ಕೆಳಗಿಟ್ಟು, ಚೀಲದಿಂದ ಭಾನುವಿನ ಅರ್ಜಿ ತೆಗೆದು, ಹಸುವಿನ ಮುಂದೊಂದು, ಫ್ರಿಜ್ಜಿನ ಮುಂದೊಂದು ಸರಿ ಗುರುತು ಹಾಕಿದಳು.